ಹಳದಿ ಚೆಂಡಿನ ಭಾರ

ನಿನ್ನೆ ಮಣಿಪಾಲದಿಂದ ತಮ್ಮನ ಹೆಂಡತಿ ಬಂದಿದ್ದಳು. ತಮ್ಮ ತೀರಿಕೊಂಡು ವರ್ಷ ಕಳೆಯಿತು. ಅವನ ಪೆಟ್ಟಿಗೆಯನ್ನು ಈಗಷ್ಟೇ ಖಾಲಿ ಮಾಡಿದಳಂತೆ. ಚೀಲದಿಂದ ಒಂದು ಬಿಸ್ಕೂಟಿನ ಡಬ್ಬಿ ತೆಗೆದು ನನ್ನ ಮುಂದಿಟ್ಟಳು.

"ಇದು ಎಂತ ಅಂತ ನನಗೆ ಗೊತ್ತಾಗಲಿಲ್ಲ ಅತ್ತಿಗೆ. ಬಿಸಾಡಲಿಕ್ಕೆ ಮನಸ್ಸು ಬರಲಿಲ್ಲ."

ಮುಚ್ಚಳ ತೆಗೆದೊಡನೆ ನುಸಿಗುಳಿಗೆಯ ವಾಸನೆ ಬಂತು. ಒಳಗೆ ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದಾದ ಒಂದು ಉಲ್ಲನ್ ಚೆಂಡು. ಒಂದು ಕಾಲದಲ್ಲಿ ಹಳದಿಯಾಗಿತ್ತು, ಈಗ ಒಣಗಿದ ಬಾಳೆಲೆಯ ಬಣ್ಣ. ಅಂಗೈಯಲ್ಲಿಟ್ಟು ನೋಡಿದೆ. ನೆನಪಿನಲ್ಲಿ ಇದ್ದಷ್ಟು ಭಾರವಿರಲಿಲ್ಲ. ವಯಸ್ಸಾದ ಮೇಲೆ ಮನುಷ್ಯರೇ ಹಗುರಾಗುತ್ತಾರೆ, ಚೆಂಡೇನು ಮಹಾ ಎಂದುಕೊಂಡೆ.

"ಹಳೆಯ ಆಟದ ಚೆಂಡು," ಎಂದೆ. ಅವಳು ಚಹಾ ಕುಡಿದು ಐದರ ಬಸ್ಸಿಗೆ ಹೋದಳು. ಅವಳಿಗೆ ಹೇಳದ್ದನ್ನು ನಿಮಗೆ ಹೇಳುತ್ತೇನೆ. ನಾನು ಐದನೆಯ ಕ್ಲಾಸಿಗೆ ಪುಸ್ತಕ ಮುಚ್ಚಿದವಳು, ಬರೆದು ಅಭ್ಯಾಸವಿಲ್ಲ, ತಪ್ಪಿದ್ದರೆ ಸಹಿಸಿಕೊಳ್ಳಿ.

ಬಾಲ್ ಬ್ಯಾಡ್ಮಿಂಟನ್ ಆಟವನ್ನು ನಿಮ್ಮಲ್ಲಿ ಕೆಲವರು ನೋಡಿರಲಿಕ್ಕಿಲ್ಲ. ಒಂದೊಂದು ಕಡೆ ಐದೈದು ಜನ, ನಡುವೆ ಬಲೆ, ಉಲ್ಲನ್ನಿನ ಹಳದಿ ಚೆಂಡು. ಚೆಂಡು ನೆಲಕ್ಕೆ ಬೀಳಬಾರದು, ಗೆರೆ ದಾಟಬಾರದು, ಅಷ್ಟೇ. ಊರು ಮದ್ರಾಸನ್ನು ಬಿಟ್ಟು ಮೈಸೂರಿಗೆ ಸೇರಿದ ಆ ಕಾಲದಲ್ಲಿ ಉಡುಪಿಯ ಹೈಸ್ಕೂಲುಗಳಲ್ಲಿ ಈ ಆಟದ್ದೇ ಗಲಾಟೆ. ನನ್ನ ತಮ್ಮ ಸದಾಶಿವ ಕಾಪುವಿನಿಂದ ಬಸ್ಸಿನಲ್ಲಿ ಹೋಗಿ ಅಲ್ಲಿ ಓದುತ್ತಿದ್ದ. ಓದಿನಲ್ಲಿ ಮುಂದಲ್ಲ, ಹಿಂದಲ್ಲ, ಮಾತು ಕಡಿಮೆ. ಮಾಸ್ತರರಿಗೆ ಅವನ ಹೆಸರೇ ನೆನಪಿರುತ್ತಿರಲಿಲ್ಲವಂತೆ. "ಏ ಕಾಪು" ಎಂದು ಕರೆಯುತ್ತಿದ್ದರಂತೆ.

ಒಂದು ಸಂಜೆ ಬಂದವನೇ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತ.

"ಅಕ್ಕ, ಬರುವ ತಿಂಗಳು ಟೀಮಿಗೆ ಆರಿಸ್ತಾರೆ. ಆರಿಸಿದವರ ಹೆಸರನ್ನು ಬೆಳಿಗ್ಗೆ ಪ್ರಾರ್ಥನೆ ಆದ ಮೇಲೆ ಓದ್ತಾರೆ. ಇಡೀ ಶಾಲೆ ಕೇಳ್ತದೆ. ಇನಿಶಿಯಲ್ ಸಮೇತ!"

ಅವನಿಗೆ ಬೇಕಾಗಿದ್ದದ್ದು ಅಷ್ಟೇ. ಒಂದು ದಿನ ಬೆಳಿಗ್ಗೆ ಯಾರೋ ದೊಡ್ಡ ದನಿಯಲ್ಲಿ ಕೆ. ಸದಾಶಿವ ಎಂದು ಓದಬೇಕು.

ಪಕ್ಕದ ಮನೆಯವರು ಕೊಟ್ಟ ಹಳೆಯ ಬ್ಯಾಟಿಗೆ ಬಲೆಯ ಹುರಿ ಬಿಗಿದೆವು. ಎರಡು ತೆಂಗಿನಮರಗಳ ನಡುವೆ ಹರಿದ ಮೀನುಬಲೆ ಕಟ್ಟಿದೆವು. ಚೆಂಡಿಗೆ ಮಾತ್ರ ದಾರಿಯಿರಲಿಲ್ಲ. ಘಟ್ಟದ ಮೇಲೆ ಕಾಫಿ ತೋಟದಲ್ಲಿದ್ದ ಮಾವನ ಹಳದಿ ಮಫ್ಲರ್ ಒಂದು ನಮ್ಮಲ್ಲಿತ್ತು. ಕಾಪುವಿನ ಸೆಕೆಗೆ ಮಫ್ಲರ್ ಯಾರಿಗೆ ಬೇಕು? ಇಲಿ ಮುಕ್ಕಾಲು ತಿಂದಿತ್ತು. ಉಳಿದದ್ದನ್ನು ಬಿಚ್ಚಿ ಸುತ್ತಿದರೆ ಒಂದು ಚೆಂಡಿಗೆ ಸರಿಹೋಗುತ್ತಿತ್ತು. ಸುತ್ತುವ ಕೆಲಸ ನನ್ನದು.

ಟೀಮಿಗೆ ಆರಿಸುವ ತಿಂಗಳಲ್ಲೇ ಕಾರ್ಕಳದಲ್ಲಿ ದೊಡ್ಡಮ್ಮನ ಮಗಳ ಮದುವೆ. ನನಗೆ ಹದಿನೇಳು. ಉಡುಪಿಯ ಹುಡುಗಿಯರು ಜಡೆಯ ತುದಿಗೆ ಉಲ್ಲನ್ ಕುಚ್ಚು ಕಟ್ಟುವುದನ್ನು ಬಸ್ಸಿನಲ್ಲಿ ನೋಡಿದ್ದೆ. ಮಫ್ಲರ್ ಬಿಚ್ಚುತ್ತಾ ಹೋದಂತೆ ಆ ಹಳದಿ ನನ್ನ ಮಡಿಲಿನಲ್ಲಿ ರಾಶಿ ಬಿತ್ತು. ಏನು ಹೇಳಲಿ, ಕೈ ತಾನಾಗಿಯೇ ಅರ್ಧವನ್ನು ಬದಿಗಿಟ್ಟಿತು. ಕೈಯ ಮೇಲೆ ಹಾಕುವುದೂ ಸುಳ್ಳೇ; ಇಟ್ಟವಳು ನಾನು. ನನ್ನ ಹಳೆಯ ನೀಲಿ ಲಂಗದ ಚೂರನ್ನು ಗಂಜಿಯಲ್ಲಿ ಅದ್ದಿ, ಉಂಡೆ ಮಾಡಿ ಒಣಗಿಸಿ, ಅದರ ಮೇಲೆ ಉಳಿದ ಉಲ್ಲನ್ ಸುತ್ತಿದೆ. ನೋಡಲಿಕ್ಕೆ ಅಂಗಡಿಯ ಚೆಂಡಿಗಿಂತ ಚಂದವಿತ್ತು.

"ಸ್ವಲ್ಪ ಭಾರ ಅಲ್ವಾ ಅಕ್ಕ?"

"ಶಾಲೆಯದ್ದನ್ನು ನೀನು ಮುಟ್ಟಿ ನೋಡಿದ್ದೀಯಾ?"

"ಇಲ್ಲ. ದೊಡ್ಡ ಹುಡುಗರು ಬಿಡುವುದಿಲ್ಲ."

"ಮತ್ತೆ? ಅದೂ ಹೀಗೇ ಇರ್ತದೆ. ನಿನ್ನ ಕೈಗೆ ಬಲ ಸಾಲದು ಮಾರಾಯ."

ಕುಚ್ಚನ್ನು ನೋಡಿದಾಗ ಕೇಳಿದ. ಚೆಂಡು ಸುತ್ತಿ ಉಳಿದದ್ದು ಎಂದೆ. ನಂಬಿದ.

ಒಂದು ತಿಂಗಳು ದಿನಾ ಸಂಜೆ ಆಡಿದೆವು. ಆ ಕಡೆ ಅವನು, ಈ ಕಡೆ ತೆಂಗಿನ ಗರಿಯ ಬುಡದ ಕೊತ್ತಳಿಗೆಯನ್ನೇ ಬ್ಯಾಟಾಗಿ ಹಿಡಿದ ನಾನು. ನಮ್ಮಲ್ಲಿ ಸಂಜೆಯ ಕಡಲಗಾಳಿ ಎಂದರೆ ಒಣಗಲು ಹಾಕಿದ ಬಟ್ಟೆ ಮೂರನೆಯ ಮನೆಯಲ್ಲಿ ಸಿಗುವಂಥದ್ದು. ಬರಿಯ ಉಲ್ಲನ್ ಚೆಂಡಾಗಿದ್ದರೆ ತಿರುಗಿ ಅವನ ಮುಖಕ್ಕೇ ಬರುತ್ತಿತ್ತು. ನನ್ನ ಗಂಜಿಚೆಂಡು ಮಾತ್ರ ಗಾಳಿಯನ್ನು ಸೀಳಿಕೊಂಡು ಬಂದು ಸರಿಯಾಗಿ ಗೆರೆಯ ಒಳಗೆ ಬೀಳುತ್ತಿತ್ತು. ಆದ್ದರಿಂದ ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. ನಾನಂತೂ ದೊಡ್ಡ ಮಾಸ್ತರಾಗಿಬಿಟ್ಟಿದ್ದೆ. "ಮೆಲ್ಲ ಹೊಡೆದರೆ ಯಾರು ನೋಡ್ತಾರೆ? ಭುಜದಿಂದ ಹೊಡೆ! ಶಬ್ದ ಕೇಳಿ ಜನ ತಿರುಗಬೇಕು!" ಜೀವಮಾನದಲ್ಲಿ ಒಂದು ಪಂದ್ಯವನ್ನೂ ಪೂರ್ತಿ ನೋಡದವಳ ಉಪದೇಶ ಇದು.

ಆರಿಸುವ ದಿನ ಶನಿವಾರ. ನಾನು ಒಗೆದು ಗಂಜಿ ಹಾಕಿದ ಬಿಳಿ ಅಂಗಿ ತೊಟ್ಟು, ಮೊದಲ ಬಸ್ಸಿಗೆ ಹೋದ. ಎಲ್ಲರಿಗಿಂತ ಮೊದಲು ಮಾಸ್ತರರ ಕಣ್ಣಿಗೆ ಬೀಳಬೇಕು ಎಂಬುದೂ ನನ್ನದೇ ಬುದ್ಧಿವಾದ. ಮಧ್ಯಾಹ್ನ ತಿರುಗಿ ಬಂದಾಗ ಅಂಗಿಯ ಇಸ್ತ್ರಿ ಕೂಡ ಕೆಟ್ಟಿರಲಿಲ್ಲ.

"ಎಂತ ಆಯ್ತು ಸದಾ?"

"ಅಲ್ಲಿ ಗಾಳಿಯೇ ಇಲ್ಲ ಅಕ್ಕ. ಕಟ್ಟಡದ ಮರೆ. ಚೆಂಡು ಹತ್ತಿಯ ಹಾಗೆ ಹಾರಿಹೋಯ್ತು. ನಾಲ್ಕು ಹೊಡೆದೆ, ನಾಲ್ಕೂ ಗೆರೆಯ ಹೊರಗೆ. ಒಂದಂತೂ ಶಾಲೆಯ ಹೆಂಚಿನ ಮಾಡಿನ ಮೇಲೆ."

"ಮಾಸ್ತರು?"

"'ಕಾಪು, ನಿನ್ನ ಚೆಂಡು ಸೀದಾ ಕಾಪುವಿಗೇ ಹೋಯ್ತು, ನೀನೂ ಹೊರಡು' ಅಂದರು. ಎಲ್ಲ ನಗಾಡಿದರು." ಬ್ಯಾಟನ್ನು ಗೋಡೆಗೆ ಒರಗಿಸಿದ. "ಒಬ್ಬ ಸಪೂರ ಹುಡುಗ ಇದ್ದ ಅಕ್ಕ. ಒಂದು ಸಲವೂ ಜೋರಾಗಿ ಹೊಡೆಯಲೇ ಇಲ್ಲ. ಮೆಲ್ಲ ಮೆಲ್ಲ, ಬಂದದ್ದನ್ನೆಲ್ಲ ಒಳಗೇ ಇಟ್ಟ. ಮಾಸ್ತರು ಅವನನ್ನೇ ನೋಡ್ತಾ ಇದ್ದರು."

ಆಮೇಲೆ ತನ್ನ ಬಲಗೈಯನ್ನು ಮಗುಚಿ ಮಗುಚಿ ನೋಡಿದ. "ನನ್ನ ಕೈಯೇ ಸರಿ ಇಲ್ಲ."

ನನಗೆ ಆಗಲೇ ಎಲ್ಲ ಅರ್ಥವಾಗಿತ್ತು. ಹೇಳಬಹುದಿತ್ತು: ಕೈ ಸರಿ ಉಂಟು ಮಾರಾಯ, ಚೆಂಡು ಸರಿ ಇರಲಿಲ್ಲ, ಇನ್ನೊಮ್ಮೆ ಕೇಳಿ ನೋಡು ಎಂದು. ನಾಲ್ಕು ಮಾತು. ಮದುವೆಗೆ ಮೂರೇ ದಿನ ಉಳಿದಿತ್ತು. ನಾನು ಅವನಿಗೆ ಊಟ ಬಡಿಸಿದೆ.

ಕಾರ್ಕಳದ ಮದುವೆಯಲ್ಲಿ ಕುಚ್ಚು ಕಟ್ಟಿಕೊಂಡು ತಿರುಗಾಡಿದೆ. ಚಂದ ಉಂಟು ಎಂದು ಯಾರೋ ಇಬ್ಬರು ಹೇಳಿದರು. ಪಂಕ್ತಿಯ ಕೊನೆಯಲ್ಲಿ ತಮ್ಮ ತಲೆ ತಗ್ಗಿಸಿ ಪಾಯಸ ತಿನ್ನುತ್ತಿದ್ದ. ಮನೆಗೆ ಬಂದ ಕೂಡಲೇ ಕುಚ್ಚನ್ನು ಬಿಚ್ಚಿ ಬಚ್ಚಲಿನ ಹಿಂದೆ ಸೌದೆಯ ರಾಶಿಯ ಮೇಲೆ ಎಸೆದೆ. ಮರುದಿನ ಅದು ಅಲ್ಲಿರಲಿಲ್ಲ. ಅಮ್ಮ ಒಲೆಗೆ ಹಾಕಿರಬೇಕು ಎಂದುಕೊಂಡೆ.

ಅವನು ಮತ್ತೆ ಬ್ಯಾಟು ಮುಟ್ಟಲಿಲ್ಲ. ಓದು ಮುಗಿಸಿ ಮಣಿಪಾಲದಲ್ಲಿ ಗುಮಾಸ್ತನಾದ, ಅಲ್ಲೇ ಮನೆ ಮಾಡಿದ. ಸಂಜೆ ಹುಡುಗರು ಆಡುವಲ್ಲಿ ಹೋಗಿ ಗೆರೆಯ ಹೊರಗೆ ನಿಲ್ಲುತ್ತಾನೆ ಎಂದು ಅವನ ಹೆಂಡತಿ ನಗುತ್ತಾ ಹೇಳಿದ್ದುಂಟು. ನಾನು ನಗಲಿಲ್ಲ. ಒಮ್ಮೆ ಅಲ್ಲಿಗೆ ಹೋದಾಗ ಧೈರ್ಯ ಮಾಡಿದೆ. ನನ್ನನ್ನು ಬಸ್ಸಿಗೆ ಬಿಡಲು ಬಂದಿದ್ದ. "ಸದಾ, ಆ ಚೆಂಡು ಇತ್ತಲ್ಲ..." ಎಂದೆ.

"ಯಾವ ಚೆಂಡು ಅಕ್ಕ? ಬಸ್ ಬಂತು, ಹತ್ತು ಹತ್ತು. ಸೀಟು ಉಂಟು."

ಬಸ್ಸು ಇನ್ನೂ ತಿರುವಿನಾಚೆ ಇತ್ತು. ಮರೆತಿದ್ದಾನೆ ಎಂದು ನನಗೆ ಆಗ ಸಮಾಧಾನವೇ ಆಯಿತು, ಕೇಳಿ.

ಇವತ್ತು ಬೆಳಿಗ್ಗೆ ಜಗಲಿಯಲ್ಲಿ ಕುಳಿತು ಚೆಂಡನ್ನು ಬಿಚ್ಚಿದೆ. ನೀಲಿ ಲಂಗದ ಚೂರನ್ನು ಒಮ್ಮೆ ಕಣ್ಣಾರೆ ಕಂಡು, ನನ್ನ ತಪ್ಪನ್ನು ನಾನೇ ಕೈಯಲ್ಲಿ ಹಿಡಿಯಬೇಕೆನಿಸಿತು. ಅಂದು ನಾನು ನೂಲಿನ ತುದಿಯನ್ನು ಸೂಜಿಯಿಂದ ಒಳಗೆ ಸೇರಿಸಿದ್ದೆ. ಈಗ ನೋಡಿದರೆ ತುದಿಗೆ ಗಂಟು ಹಾಕಿತ್ತು. ಬಿಚ್ಚಿದೆ, ಬಿಚ್ಚಿದೆ. ನೀಲಿ ಬರಲಿಲ್ಲ. ಉಲ್ಲನ್ನಿನ ಒಳಗೂ ಉಲ್ಲನ್ನೇ. ಒಳಗಿನದ್ದು ತುಂಡು ತುಂಡಾಗಿ, ಒಂದಕ್ಕೊಂದು ಗಂಟು ಹಾಕಿ ಸುತ್ತಿದ್ದು. ಕುಚ್ಚಿಗಾಗಿ ನಾನು ಕತ್ತರಿಸಿದ ಅಳತೆಯ ತುಂಡುಗಳು. ಅವುಗಳ ನಡುವೆ ಸಿಕ್ಕಿಕೊಂಡು ಒಂದು ಉದ್ದ ಕೂದಲು. ಕರಿ ಕೂದಲು, ಮೊಣಕೈಯವರೆಗೂ ಬಂತು.

ಸೌದೆಯ ರಾಶಿಯಿಂದ ಕುಚ್ಚನ್ನು ಹೆಕ್ಕಿದವನು ಅವನು. ಚೆಂಡು ಬಿಚ್ಚಿ, ಒಳಗಿನ ಲಂಗದ ಚೂರನ್ನು ನೋಡಿ, ಒಂದು ಮಾತೂ ಆಡದೆ ಚೆಂಡನ್ನು ಸರಿಮಾಡಿ ಇಟ್ಟುಕೊಂಡವನು. ಬಸ್ಸು ಬರುವ ಮೊದಲೇ ಬಸ್ ಬಂತು ಎಂದವನು.

ಕೂದಲನ್ನೂ ಸೇರಿಸಿ ಮತ್ತೆ ಸುತ್ತಿದೆ. ಅವನ ಗಂಟನ್ನೇ ಹಾಕಿದೆ. ಅಂಗಳಕ್ಕಿಳಿದು, ಶಾಲೆಯಲ್ಲಿ ಓದುವ ಹಾಗೆ ನೆಟ್ಟಗೆ ನಿಂತು, ಇನಿಶಿಯಲ್ ಸಮೇತ, ಗಟ್ಟಿಯಾಗಿ ಹೇಳಿದೆ:

"ಕೆ. ಸದಾಶಿವ."

ಪಕ್ಕದ ಮನೆಯಾಕೆ ಬೇಲಿಯಿಂದ ಇಣುಕಿದಳು. "ಯಾರನ್ನು ಕರೆದದ್ದು ಅಕ್ಕ?"

"ಕರೆದದ್ದಲ್ಲ," ಎಂದೆ. "ಹೆಸರು ಓದಿದ್ದು."