ಅತ್ತೆಯ ಬಾವಿ ಮತ್ತು ಎಣ್ಣೆ ತಿನ್ನುವ ಹುಳಗಳು

ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಿಶಾಸ್ತ್ರ ಕಲಿಸುತ್ತೇನೆ. ಕಡಲಿನಲ್ಲಿ ಹಡಗಿನ ಎಣ್ಣೆ ಚೆಲ್ಲಿದರೆ ಬ್ಯಾಕ್ಟೀರಿಯಾಗಳು ಅದನ್ನು ಹೇಗೆ ತಿನ್ನುತ್ತವೆ ಎಂಬ ಪಾಠ ಪ್ರತಿ ವರ್ಷ ಬರುತ್ತದೆ. ಆ ಪಾಠವನ್ನು ನನ್ನಷ್ಟು ಚೆನ್ನಾಗಿ ಮಾಡುವವರು ಇಲ್ಲ ಎಂಬ ಜಂಬ ಒಂದು ಕಾಲಕ್ಕೆ ನನಗಿತ್ತು. ಎಂ.ಎಸ್ಸಿ. ಓದುವಾಗ ಮಂಗಳೂರು ಬಂದರಿನ ನೀರನ್ನು ಬಾಟಲಿಯಲ್ಲಿ ತಂದು, ನಾಲ್ಕು ಹನಿ ಡೀಸೆಲ್ ಬಿಟ್ಟು, ಅಲುಗಾಡಿಸುವ ಯಂತ್ರದ ಮೇಲಿಟ್ಟು ಕಾದವಳು ನಾನು. ಕೆಲವೇ ದಿನಗಳಲ್ಲಿ ಮೇಲಿನ ಎಣ್ಣೆಯ ಪದರ ಹರಿದು ಚೂರಾಗಿ, ನೀರು ಗಂಜಿತಿಳಿಯಂತೆ ಮಬ್ಬಾಗುತ್ತಿತ್ತು. ಆ ಮಬ್ಬೆಲ್ಲ ಎಣ್ಣೆ ತಿಂದು ಹೆಚ್ಚಿದ ಜೀವಿಗಳು. ಕಡಲಿನಲ್ಲಿ ಎಲ್ಲೋ ಒಂದೊಂದು ಇರುವ ಇವು, ಎಣ್ಣೆ ಸಿಕ್ಕಿದ ಕೂಡಲೇ ಮದುವೆ ಮನೆಯ ಊಟದ ಸುದ್ದಿ ತಿಳಿದವರ ಹಾಗೆ ನೆರೆಯುತ್ತವೆ.

ಈಗ ಆ ಪಾಠ ಬಂದರೆ ಆದಷ್ಟು ಬೇಗ ಮುಗಿಸಿ ಬಿಡುತ್ತೇನೆ. ಕಾರಣ ಕಕ್ಕಿಂಜೆಯ ಹತ್ತಿರ ಇರುವ ನನ್ನ ಸೋದರತ್ತೆಯ ಬಾವಿ.

ಅತ್ತೆ ಎಂದರೆ ಅಪ್ಪನ ಅಕ್ಕ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುತ್ತ, ರಸ್ತೆಯಲ್ಲಿ ಹೋಗುವವರನ್ನೆಲ್ಲ ಕರೆದು ಮಾತಾಡಿಸುವ ಹೆಂಗಸು. ನಮ್ಮ ಕಡೆ ಮನೆಗೆ ಬಂದವರಿಗೆ ಮೊದಲು ಬೆಲ್ಲ ಮತ್ತು ನೀರು ಕೊಡುವ ಕ್ರಮ. ಅತ್ತೆಯ ಮನೆಯಲ್ಲಿ ಬೆಲ್ಲ ಬರೀ ನೆಪ, ನೀರಿನದೇ ಮರ್ಯಾದೆ. ಲೋಟ ಕೆಳಗಿಟ್ಟ ಮೇಲೆ "ಹೇಗುಂಟು?" ಎಂದು ಕೇಳಿಯೇ ಕೇಳುತ್ತಿದ್ದರು. ಮುರಕಲ್ಲು ಕಡಿದು ತೋಡಿದ ಆ ಬಾವಿಯ ನೀರು ಬೇಸಿಗೆಯಲ್ಲೂ ಹಲ್ಲು ಜುಮ್ಮೆನ್ನುವಷ್ಟು ತಂಪು.

ಕೆಲವು ವರ್ಷಗಳ ಹಿಂದೆ, ಮಳೆಗಾಲಕ್ಕೆ ಇನ್ನೂ ಎರಡು ಮೂರು ವಾರ ಇರುವಾಗ, ಅವರ ಮನೆಯ ಮೇಲಿನ ತಿರುವಿನಲ್ಲಿ ಡೀಸೆಲ್ ಟ್ಯಾಂಕರೊಂದು ಮಗುಚಿತು. ಚಾಲಕ ಕೈ ಮುರಿದುಕೊಂಡು ಪಾರಾದ. ಜನ ಕೊಡ, ಬಕೆಟ್ಟು ಹಿಡಿದು ಓಡಿ ಬಂದರು. ಅವರು ತುಂಬಿಸಿಕೊಂಡದ್ದಕ್ಕಿಂತ ಹೆಚ್ಚು ಡೀಸೆಲ್, ಮಳೆನೀರು ಹರಿಯುವ ಒಣಗಿದ ತೋಡಿನಲ್ಲಿ ಇಳಿದು ಬಂದು ಅತ್ತೆಯ ಮೇಲಿನ ಹಿತ್ತಲಿನ ಮಣ್ಣಿಗೆ ಇಂಗಿತು. ಮರುದಿನ ಟ್ಯಾಂಕರ್ ಮಾಲೀಕರ ಕಡೆಯವರೊಬ್ಬರು ಜೆಸಿಬಿ ತಂದರು. ಮಳೆ ಬರುವ ಮೊದಲು ಆ ಮಣ್ಣನ್ನು ಆಳವಾಗಿ ಅಗೆದು ಸಾಗಿಸಬೇಕು, ಇಲ್ಲವಾದರೆ ಬಾವಿಗೆ ತೊಂದರೆ ಎಂದರು. ಸರಿಯಾದ ಮಾತೇ.

ಆದರೆ ಅಗೆಯಬೇಕಾದ ಜಾಗ ನಾಗನ ಕಲ್ಲುಗಳಿರುವ ನಾಗಬನಕ್ಕೆ ತಾಗಿಯೇ ಇತ್ತು. ಅಲ್ಲಿ ಬಿದ್ದ ಒಣಗೆಲ್ಲನ್ನೂ ಕೇಳದೆ ಎತ್ತುವ ಕ್ರಮ ನಮ್ಮಲ್ಲಿಲ್ಲ, ಇನ್ನು ಜೆಸಿಬಿ ಹಾಕುವ ಮಾತು ಎಲ್ಲಿಂದ ಬಂತು! ಅತ್ತೆ ದಿಕ್ಕು ತೋಚದೆ ನನಗೆ ಫೋನ್ ಮಾಡಿದರು. ನಾನು ಗುರುವಾಯನಕೆರೆಯಲ್ಲಿ ಬಸ್ಸು ಬದಲಿಸಿ ಮಧ್ಯಾಹ್ನದ ಒಳಗೆ ಅಲ್ಲಿದ್ದೆ.

"ಮಣ್ಣು ತೆಗೆಯಲೇ ಬೇಕಾ ಮಗಾ? ನೀನು ಕಲಿತವಳು, ನೀನು ಹೇಳು" ಎಂದರು ಅತ್ತೆ.

ಹಿತ್ತಲ ಗಿಡ ಮದ್ದಲ್ಲ ಎನ್ನುವಂತೆ, ನಮ್ಮ ಕುಟುಂಬದಲ್ಲಿ ಅಲ್ಲಿಯವರೆಗೆ ನನ್ನ ಓದನ್ನು ಯಾರೂ ಯಾವುದಕ್ಕೂ ಕೇಳಿರಲಿಲ್ಲ. ಆ ದಿನ ಮನೆಯವರು, ನೆರೆಯವರು, ಜೆಸಿಬಿಯವರು ಎಲ್ಲ ನನ್ನ ಬಾಯಿ ನೋಡುತ್ತ ನಿಂತಿದ್ದರು. ಅತ್ತೆಗೆ ಯಾವ ಉತ್ತರ ಬೇಕಾಗಿದೆ ಎಂಬುದೂ ಅವರ ಮುಖದಲ್ಲೇ ಕಾಣುತ್ತಿತ್ತು. ನಾನು ಉಬ್ಬಿ ಹೋದೆ.

"ಏನೂ ಬೇಡ ಅತ್ತೆ. ಎಣ್ಣೆ ತಿನ್ನುವ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಉಂಟು. ಕಡಲಿನಲ್ಲಿ ಹಡಗೇ ಒಡೆದರೂ ತಿಂದು ಮುಗಿಸ್ತವೆ, ಇದು ಯಾವ ಲೆಕ್ಕ?"

"ಹುಳಗಳಾ?"

"ಹುಳ ಅಂತಲೇ ಇಟ್ಟುಕೊಳ್ಳಿ."

"ಬರೇ ಎಣ್ಣೆ ತಿಂದು ಹೇಗೆ ಬದುಕ್ತವೆ ಪಾಪ?"

ಎಲ್ಲರೂ ನಕ್ಕರು. ನಾನು ಮೇಡಂ ಆಗಿ ಬಿಟ್ಟೆ. "ಒಳ್ಳೆ ಪ್ರಶ್ನೆ! ಎಣ್ಣೆ ಮಾತ್ರ ಸಾಲುವುದಿಲ್ಲ, ಗೊಬ್ಬರದಲ್ಲಿ ಇರುವಂಥ ಸತ್ವವೂ ಬೇಕು. ನಮಗೆ ಗಂಜಿ ಜೊತೆ ಚಟ್ನಿ ಬೇಕಲ್ಲ, ಹಾಗೆ."

ನಾನು ಹೇಳದೆ ಬಿಟ್ಟದ್ದು ಇಷ್ಟು. ಕಡಲಿನಲ್ಲಿ ಅಲೆ ಎಣ್ಣೆಯನ್ನು ಬಡಿದು ಸಣ್ಣ ಸಣ್ಣ ಹನಿ ಮಾಡುತ್ತದೆ, ಗಾಳಿಯನ್ನು ನೀರಿಗೆ ಬೆರೆಸುತ್ತದೆ. ಆ ಹನಿಗಳಿಗೆ ಅಂಟಿಕೊಂಡು, ಆ ಗಾಳಿ ಉಸಿರಾಡಿಕೊಂಡು ಬ್ಯಾಕ್ಟೀರಿಯಾ ಎಣ್ಣೆಯನ್ನು ಕತ್ತರಿಸುತ್ತವೆ. ಅಷ್ಟೆಲ್ಲ ಅನುಕೂಲ ಇದ್ದರೂ ಡಾಂಬರಿನಂಥ ಭಾಗ ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಮಣ್ಣಿನ ಆಳದಲ್ಲಿ ಅಲೆಯೂ ಇಲ್ಲ, ಸಾಕಷ್ಟು ಗಾಳಿಯೂ ಇಲ್ಲ, ಅಲ್ಲಿ ಅವುಗಳ ಕೆಲಸ ಬಹಳ ನಿಧಾನ. ಮಳೆ ಅಷ್ಟು ಕಾಯುವುದಿಲ್ಲ. ಇದು ನನಗೆ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಓದುವಾಗ ಒಮ್ಮೆ ಆ ಅಲುಗಾಡಿಸುವ ಯಂತ್ರ ಕೆಟ್ಟು, ನನ್ನ ಬಾಟಲಿಗಳು ಒಂದು ವಾರ ಸುಮ್ಮನೆ ನಿಂತಿದ್ದವು. ಎಣ್ಣೆ ಹಾಕಿದ ಹಾಗೇ ಮೇಲೆ ತೇಲುತ್ತಿತ್ತು. ಅದನ್ನು ಕಣ್ಣಾರೆ ನೋಡಿದವಳು ಅತ್ತೆಯ ಜಗಲಿಯಲ್ಲಿ ಕೂತು ಭಾಷಣ ಮಾಡಿದೆ.

ಜೆಸಿಬಿ ವಾಪಸು ಹೋಯಿತು. ಮಣ್ಣು ತೆಗೆಯುವುದು ಬೇಡ ಎಂದು ಅತ್ತೆ ಸಹಿ ಮಾಡಿ ಕೊಟ್ಟ ಕಾಗದದ ಒಕ್ಕಣೆಯೂ ನನ್ನದೇ. ಹೊರಡುವಾಗ ಎರಡು ಲೋಟ ನೀರು ಕುಡಿದೆ.

ಜೂನ್ ಮಳೆ ಹಿಡಿದ ಎರಡನೇ ವಾರ ಫೋನ್ ಬಂತು. "ಬಾವಿಯಲ್ಲಿ ಕಾಮನಬಿಲ್ಲು ಕಾಣ್ತದೆ ಮಗಾ. ನಿನ್ನ ಹುಳಗಳು ಕೆಲಸ ಶುರು ಮಾಡಿದ್ದಾ?"

ಅದು ಡೀಸೆಲ್ಲಿನ ಪದರ ಎಂದು ಆಗಲಾದರೂ ಹೇಳಬಹುದಿತ್ತು. "ಹೌದು ಅತ್ತೆ, ಸ್ವಲ್ಪ ದಿನ ಆ ನೀರು ಕುಡಿಯಬೇಡಿ" ಎಂದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ನಾಗರ ಪಂಚಮಿಗೆ ಬನದಲ್ಲಿ ಹಾಲೆರೆಯಲು ತಂತ್ರಿಗಳು ಬಂದರು. ನಾನೂ ಹೋಗಿದ್ದೆ. ಅವರು ಮೂಗು ಮುಚ್ಚಿಕೊಂಡು ಸುತ್ತ ನೋಡಿ, ವಿಷಯ ಕೇಳಿ ತಿಳಿದು, "ಅಲ್ಲ ಮಾರಾಯ್ರೆ, ನಾಗನಿಗೂ ಒಳ್ಳೆ ಮಣ್ಣು ಬೇಡವಾ? ಒಂದು ಪ್ರಾರ್ಥನೆ ಮಾಡಿ ಅಗೆಯಬಹುದಿತ್ತು. ಒಂದು ಮಾತು ಕೇಳುವುದಲ್ವಾ?" ಎಂದರು. ನಾನು ಬಾಳೆ ಎಲೆ ಒರೆಸುವ ನೆಪದಲ್ಲಿ ಮನೆಯೊಳಗೆ ಸರಿದೆ. ಅವರು ಪ್ರಾರ್ಥನೆ ಮಾಡಿದ ಮೇಲೆ ಅತ್ತೆ ಮಣ್ಣನ್ನೇನೋ ತೆಗೆಸಿದರು. ಆದರೆ ಡೀಸೆಲ್ ಆಗಲೇ ಕೆಳಗೆ ಇಳಿದು ಹೋಗಿತ್ತು.

ಮೂರು ವರ್ಷವಾಯಿತು. ಕುಡಿಯಲು ಪಂಚಾಯತಿನ ನಳ್ಳಿ ನೀರು. ಅತ್ತೆ ನನ್ನನ್ನು ಒಂದು ದಿನವೂ ದೂರಲಿಲ್ಲ. "ತಮ್ಮನ ಮಗಳು ಹೇಳಿದ್ದಾಳೆ, ತಿಂತಾ ಉಂಟಂತೆ, ನಿಧಾನ ಅಷ್ಟೆ" ಎಂದು ಬಂದವರ ಹತ್ತಿರ ನನ್ನ ಪರವಾಗಿ ವಾದ ಮಾಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಈ ವರ್ಷ ಅದೇ ಪಾಠ ಮಾಡುವಾಗ ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಮೇಡಂ, ನೆಲದಲ್ಲಿ ಚೆಲ್ಲಿದರೂ ಹೀಗೇ ತಿಂತವಾ?" ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಇವಳಿಗೆ ಯಾರು ಹೇಳಿದರು ಎಂದು ನನಗೆ ಅನಿಸಿತು. ಆ ಭಾನುವಾರವೇ ಕಕ್ಕಿಂಜೆಗೆ ಹೊರಟೆ.

ಅತ್ತೆ ಜಗಲಿಯಲ್ಲಿ ಇರಲಿಲ್ಲ. ಮೇಲಿನ ಹಿತ್ತಲಿನಲ್ಲಿ ಬಗ್ಗಿ, ಬಕೆಟ್ಟಿನಿಂದ ಏನನ್ನೋ ಚೊಂಬಿನಲ್ಲಿ ತೆಗೆದು ನೆಲಕ್ಕೆ ಹಾಕುತ್ತಿದ್ದರು. ಅಕ್ಕಿ ತೊಳೆದ ನೀರು. ಅದರಲ್ಲಿ ಒಂದು ಹಿಡಿ ಒಲೆಯ ಬೂದಿ. ಅಲ್ಲಿ ಗಿಡ ಬಳ್ಳಿ ಒಂದೂ ಇರಲಿಲ್ಲ.

"ಯಾವುದಕ್ಕೆ ಹಾಕ್ತಾ ಇದ್ದೀರಿ ಅತ್ತೆ?"

"ನಿನ್ನ ಹುಳಗಳಿಗೆ. ಬರೇ ಎಣ್ಣೆ ಸಾಲುವುದಿಲ್ಲ, ಚಟ್ನಿ ಬೇಕು ಅಂತ ನೀನೇ ಹೇಳಿದ್ದಲ್ವಾ. ಆವತ್ತಿನಿಂದ ದಿನಾ ಹಾಕ್ತೇನೆ."

ಅಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ಅಲೆ, ಗಾಳಿ, ಕೆಟ್ಟು ನಿಂತ ಯಂತ್ರ, ಆ ದಿನದ ನನ್ನ ಜಂಬ. ತಪ್ಪಾಯಿತು ಎಂದೆ. ಅತ್ತೆ ಚೊಂಬು ಕೆಳಗಿಟ್ಟು ಸೆರಗಿನಲ್ಲಿ ಕೈ ಒರೆಸಿಕೊಂಡರು. ಬನದ ಕಡೆ ತಿರುಗಿದರು.

"ಗೊತ್ತಿಲ್ಲ ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು ಮಗಾ. ನಾನು ಆವತ್ತೇ ತಂತ್ರಿಗಳನ್ನು ಕೇಳ್ತಿದ್ದೆ."

ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿತ್ತು. ಅತ್ತೆ ಅದನ್ನು ನೋಡಿ, ನನ್ನ ಮುಖ ನೋಡಿ ಕೇಳಿದರು.

"ಇದನ್ನು ಹಾಕಿದ್ದರಿಂದ ಏನಾದರೂ ಆಗ್ತದಾ, ಇಲ್ಲ ನಿಲ್ಲಿಸುವುದಾ?"

"ಗೊತ್ತಿಲ್ಲ ಅತ್ತೆ" ಎಂದೆ.

"ಹಾಗಾದರೆ ಹಾಕುವ" ಎಂದು ಅವರು ಚೊಂಬನ್ನು ನನ್ನ ಕೈಗೆ ಕೊಟ್ಟರು.