ವೀಳ್ಯ ಕೊಟ್ಟು ತಂದ ತಂತಿ

ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳುಹಿಸದವರು. ತಕ್ಕಡಿಯ ಮುಳ್ಳು ತಮ್ಮ ಕಡೆಗೆ ವಾಲಿತೆಂದು ಕಂಡರೆ ಇನ್ನೊಂದು ಚಿಟಿಕೆಯನ್ನು ಗಿರಾಕಿಯ ತಟ್ಟೆಗೆ ಸೇರಿಸುವವರು. ಮುಂಜಾನೆಯ ಮೊದಲ ರೊಟ್ಟಿಯನ್ನು ಬೀದಿಯ ಹಸುವಿಗೆಂದು ಎತ್ತಿಡುವವರು. ಇಷ್ಟಲಿಂಗಕ್ಕೆ ಬಿಲ್ವಪತ್ರೆಯನ್ನು ಏರಿಸದೆ ತುತ್ತೆತ್ತದವರು. ಒಮ್ಮೆ ವೀಳ್ಯ ಕೊಟ್ಟ ಮೇಲೆ ಮುಗಿಲೇ ಕಳಚಿ ಬಿದ್ದರೂ ಮಾತನ್ನು ಹಿಂದೆಗೆಯದವರು. ಈ ಗುಣಗಳೆಲ್ಲವೂ ಗುರುಶಾಂತಪ್ಪನವರೊಬ್ಬರಲ್ಲಿಯೇ ನೆಲೆಸಿದ್ದವು. ಇವುಗಳಲ್ಲಿ ಕೊನೆಯದು ಅವರ ಮನೆಯ ಮಾಳಿಗೆಯನ್ನು ಹತ್ತಿ ಕುಳಿತ ಬಗೆಯನ್ನು ಇಲ್ಲಿ ನಿರೂಪಿಸಿದೆ.

ತಿಪಟೂರಿನ ಕಡೆಯಿಂದ ಬಂದು, ಜಯನಗರದಲ್ಲಿ ವಿಭೂತಿ, ಧೂಪ, ಹಿತ್ತಾಳೆಯ ಪೂಜಾಪಾತ್ರೆಗಳ ಅಂಗಡಿಯನ್ನಿಟ್ಟು, ಬಹುಕಾಲ ಬಾಡಿಗೆಯ ಮನೆಗಳಲ್ಲಿ ಬಾಳಿದ ಅವರು ಅಂಜನಾಪುರದ ತುತ್ತತುದಿಯ ಅಡ್ಡರಸ್ತೆಯಲ್ಲಿ ಸ್ವಂತ ಮನೆಯನ್ನು ಕಟ್ಟಿಸಿದರು. ಹೊರಗಿನ ಮೆಟ್ಟಿಲುಗಳು ಗೇಟಿನ ಮಗ್ಗುಲಿನಿಂದಲೇ ಮಾಳಿಗೆಗೆ ಏರುತ್ತಿದ್ದವು. ಅವುಗಳ ಕಬ್ಬಿಣದ ಕೈಪಿಡಿಯನ್ನು ಗೇಟಿಗೆ ಸೇರಿಸಿಯೇ ಬೆಸೆದಿದ್ದರು. ಮಾಳಿಗೆಯ ಮೇಲೆ ದೊಡ್ಡದೊಂದು ಸಿಮೆಂಟಿನ ಕುಂಡದಲ್ಲಿ ಬಿಲ್ವದ ಗಿಡ. ಪತ್ನಿ ಶಾಂತಾದೇವಿಯವರು ನಿತ್ಯವೂ ಮಿಂದು, ಒದ್ದೆಗೂದಲಲ್ಲಿ, ಬರಿಗಾಲಲ್ಲಿ ಮೇಲೇರಿ ಪತ್ರೆ ಬಿಡಿಸಿ ತರುವರು.

ಮನೆಗೆ ಇದ್ದ ಕೊರತೆ ಒಂದೇ. ಮಗಳು ಶ್ರೀದೇವಿ ಸಿ.ಎ. ಪರೀಕ್ಷೆಗೆ ಓದುತ್ತಿದ್ದಳು. ಪಾಠವೆಲ್ಲ ಲ್ಯಾಪ್‌ಟಾಪಿನ ಪರದೆಯ ಮೇಲೆ. ಕಟ್ಟಡದ ಕೆಲಸ ನೋಡಲು ಬಂದಾಗಲೆಲ್ಲ, ಆ ಮೂಲೆಯಲ್ಲಿ ಫೋನಿನ ಸಿಗ್ನಲ್ ನಿಲ್ಲದೆ, ಮೇಷ್ಟರ ಮುಖ ಅರ್ಧ ಮಾತಿನಲ್ಲಿ ಬಾಯಿ ತೆರೆದಂತೆಯೇ ಸ್ತಬ್ಧವಾಗುತ್ತಿತ್ತು. ಇಂಟರ್ನೆಟ್ ಕಂಪನಿಯೊಂದರವರು ಬಂದು ನೋಡಿ, ಮುಖ್ಯರಸ್ತೆಯಿಂದ ಇಲ್ಲಿಯವರೆಗೆ ಕಂಬಗಳೇ ಇಲ್ಲವೆಂದೂ, ಅವನ್ನು ನೆಟ್ಟು ತಂತಿ ತರಲು ಮನೆಯ ತೇಗದ ಹೆಬ್ಬಾಗಿಲಿಗೆ ತಗುಲಿದಷ್ಟು ವೆಚ್ಚವಾಗುವುದೆಂದೂ ತಿಳಿಸಿ ಹೋದರು.

ಗೃಹಪ್ರವೇಶದ ದಿನ, ಪಂಕ್ತಿ ಏಳುವ ಹೊತ್ತಿಗೆ, ಆ ಭಾಗದ ಕೇಬಲ್ ವ್ಯವಹಾರವನ್ನು ನಡೆಸುವ ಸೋಮನಾಥ್ ಕೈಮುಗಿದು ಬಂದನು.

“ಆ ಕಂಪನಿಯೋರು ನಿಮ್ಮನ್ನ ಸುಲೀತಾರೆ ಸಾರ್. ನಂಗೆ ಒಂದ್ ಪೈಸೆ ಬೇಡ. ನಿಮ್ ಟೆರೇಸ್ ಮೇಲೆ ಒಂದ್ ಕಂಬ ನಿಲ್ಸೋಕೆ ಜಾಗ ಕೊಡಿ, ಸಾಕು. ನೆಟ್ ಫ್ರೀ. ಸ್ಪೀಡ್ ಅಂತೂ ಸಖತ್ತಾಗಿರುತ್ತೆ.”

“ಒಂದೇ ಕಂಬ ತಾನೆ?”

“ಒಂದೇ ಸಾರ್. ಬೇಕಾದ್ರೆ ಅಗ್ರಿಮೆಂಟ್ ಮಾಡ್ಕೊಡ್ತೀನಿ.”

“ಮನೆ ತುಂಬ್ಕೊಂಡಿರೋ ದಿವ್ಸ ಪೇಪರ್ ಯಾಕಪ್ಪ?” ಎಂದು ನಕ್ಕು, ಗುರುಶಾಂತಪ್ಪನವರು ಜಂಗಮರ ಮುಂದಿದ್ದ ತಟ್ಟೆಯಿಂದ ಎಲೆಯಡಿಕೆಯನ್ನು ಎತ್ತಿ ಅವನ ಅಂಗೈಯಲ್ಲಿಟ್ಟರು. ಶಾಂತಾದೇವಿಯವರು ಆಗ ಒಳಗೆ ಪಾಯಸ ಬಡಿಸುತ್ತಿದ್ದರು.

ಸೋಮನಾಥ್ ಮಾತಿಗೆ ತಪ್ಪಲಿಲ್ಲ. ಮೆಟ್ಟಿಲ ಕೈಪಿಡಿಯ ಮೇಲ್ತುದಿಗೆ ಬಿಗಿದ ಕಂಬ ಒಂದೇ ನಿಂತಿತು. ಆದರೆ ತಂತಿ ಎಷ್ಟೆಂದು ಯಾರೂ ಕೇಳಿರಲಿಲ್ಲ. ಮೊದಲಿಗೆ ಮನೆಯದೊಂದು, ಬಳಿಕ ಎದುರಿನ ಮನೆಯದು, ಹಿಂದಿನ ಬೀದಿಯದು, ಆಚೆಯ ಬಾಡಿಗೆ ಕಟ್ಟಡಗಳದು. ಅವೆಲ್ಲವುಗಳ ಭಾರವನ್ನು ಹೊರಲು ಆ ಕಂಬಕ್ಕೆ ಕಟ್ಟಿದ ಉಕ್ಕಿನ ಹಗ್ಗವೊಂದು ರಸ್ತೆಯನ್ನು ದಾಟಿ, ವಿದ್ಯುತ್ತಿನ ತಂತಿಗಳ ನೆತ್ತಿಯ ಮೇಲೆಯೇ ಹಾದುಹೋಯಿತು. ಬಿಲ್ವದ ಕುಂಡವಿದ್ದದ್ದು ಆ ಕಂಬದ ಬುಡದಲ್ಲಿ.

ಬಡಾವಣೆಯಾಗುವ ಮೊದಲು ಅಲ್ಲಿ ರಾಗಿ ಬೆಳೆಯುತ್ತಿದ್ದ ತಿಮ್ಮರಾಯಪ್ಪನವರು, ಈಗ ಮೂರು ಬಾಡಿಗೆ ಕಟ್ಟಡಗಳ ಒಡೆಯರು, ಗೇಟಿನ ಬಳಿ ನಿಂತು ಮೇಲೆ ನೋಡಿ ನಗುವರು. “ನಮ್ ಹೊಲದಾಗೆ ಬೆಳ್ಳಕ್ಕಿ ಕೂರೋದು ಗುರುಶಾಂತಪ್ಪನೋರೆ. ಈಗ ನೋಡಿ, ನಿಮ್ ಮನೆ ಮ್ಯಾಲೆ ಜೇಡ ಕೂತೈತೆ!”

ಶ್ರೀದೇವಿಯ ಪಾಠಗಳು ತಡೆಯಿಲ್ಲದೆ ಹರಿದವು. ಮುಂಗಾರಿಗೆ ಮುಂಚಿನ ಗಾಳಿ ಎದ್ದಿತು.

ಹನಿಬಿದ್ದ ಒಂದು ಮುಂಜಾನೆ ಶಾಂತಾದೇವಿಯವರು ಮೆಟ್ಟಿಲ ಕೈಪಿಡಿಯನ್ನು ಹಿಡಿದವರು ಥಟ್ಟನೆ ಬಿಟ್ಟರು. “ಕೈಯೊಳಗೆ ಇರುವೆ ಹರಿದಂಗಾಯ್ತು ರೀ.”

“ಜೋಮು ಹಿಡಿದಿರಬೇಕು ಕಣೆ” ಎಂದರು ಗುರುಶಾಂತಪ್ಪನವರು.

ಮರುದಿನ ಹಸು ಬಂದಿತು. ಗೇಟಿನ ಸಂದಿಯಲ್ಲಿ ಮೂತಿ ತೂರಿಸಿ ರೊಟ್ಟಿಗೆ ನಾಲಗೆ ಚಾಚುವುದು ಅದರ ರೂಢಿ. ಅಂದು ಕಬ್ಬಿಣಕ್ಕೆ ಮೂತಿ ತಗುಲಿದೊಡನೆ ಕಾಲು ಕುಸಿದು, ಸಾವರಿಸಿಕೊಂಡು ರಸ್ತೆಯಾಚೆಗೆ ಓಡಿತು. ಅಲ್ಲಿಂದಾಚೆಗೆ ಅದು ಬೀದಿಯ ಆ ಬದಿಯಲ್ಲಿಯೇ ನಿಂತು ಮನೆಯನ್ನು ನೋಡುತ್ತ ಕೂಗುತ್ತಿತ್ತಲ್ಲದೆ ಇತ್ತ ದಾಟಲಿಲ್ಲ. ಹಸು ಒಲ್ಲೆನೆಂದ ಬಾಗಿಲು! ಗುರುಶಾಂತಪ್ಪನವರ ಮುಖ ಬಾಡಿತು. ಅದೇ ವಾರ ಬಿಲ್ವದ ಕುಂಡದೊಳಗೆ ಅಳಿಲೊಂದು ಸೆಟೆದು ಬಿದ್ದಿತ್ತು.

ಸೋಮನಾಥನನ್ನು ಕರೆಯಿಸಿದರು. ಅವನು ಕಂಬಕ್ಕೆ ಕಪ್ಪು ಟೇಪು ಸುತ್ತಿ ಇಳಿದನು. “ಗಾಳಿ ಬಂದಾಗ ಆ ರೋಪು ಸ್ವಲ್ಪ ಜೋತಾಡುತ್ತೆ, ಅಷ್ಟೆ. ಏನಾಗಲ್ಲ ಸಾರ್.” ವಿದ್ಯುತ್ ಕಚೇರಿಗೆ ಫೋನ್ ಮಾಡಿದರೆ, ದೂರು ಬರೆದುಕೊಂಡಿದ್ದೇವೆ, ಜನ ಬರುತ್ತಾರೆ ಎಂಬ ಉತ್ತರ ದೊರೆಯಿತು. ಜನ ಬರಲಿಲ್ಲ.

“ತೆಗೆಸಿಬಿಡಿ ಅಪ್ಪ” ಎಂದಳು ಶ್ರೀದೇವಿ. “ನಾನು ಎಲ್ಲಾದ್ರೂ ಲೈಬ್ರರೀಲಿ ಕೂತು ಓದ್ಕೋತೀನಿ.”

“ವೀಳ್ಯ ಕೊಟ್ಟಿದೀನಲ್ಲಮ್ಮ. ಜಂಗಮರ ಎದುರಿಗೆ.”

ಹೀಗೆ ನುಡಿದವರಿಗೆ ತಮ್ಮ ಪತ್ನಿ ಆ ಕಂಬದ ಬುಡದಲ್ಲಿ ಒದ್ದೆಗಾಲಲ್ಲಿ ನಿಲ್ಲುವಳೆಂಬುದು ತಿಳಿಯದೆ ಇರಲಿಲ್ಲ. ತಿಳಿದೂ, ಕೊಟ್ಟ ಮಾತು ಕೈಗೆ ಕೋಳವಾಗಿತ್ತು. ಪತ್ರೆಯನ್ನು ತಾವೇ ತರುವುದಾಗಿ ಹೇಳಿ ಅವರು ಹೊರಟಾಗ ಶಾಂತಾದೇವಿಯವರು ಅಡ್ಡ ನಿಂತರು.

“ನೀವು ಹೋದ್ರೆ ಕರೆಂಟು ಬಿಟ್ಬಿಡುತ್ತಾ? ಒಂದ್ ಮಾತು ಕೇಳ್ತೀನಿ. ಆ ದಿವ್ಸ ವೀಳ್ಯ ಕೊಟ್ರಲ್ಲ, ನನ್ ಕೈ ಎಲ್ಲಿತ್ತು ರೀ?”

“ನೀನು ಪಾಯಸ ಬಡಿಸ್ತಿದ್ದೆ.”

“ನಾಳೆ ಮಗಳನ್ನ ಧಾರೆ ಎರೀವಾಗ ನೀವೊಬ್ರೇ ಎರೀತೀರಾ? ಇಬ್ರು ಸೇರಿ ಕಟ್ಟಿದ ಮನೆ. ಅದರ ನೆತ್ತೀನ ಒಬ್ರೇ ಹೆಂಗೆ ಕೊಟ್ರಿ? ಅರ್ಧ ಕೈಲಿ ಕೊಟ್ಟಿದ್ದು ಕೊಟ್ಟಂಗಾಗಲ್ಲ.”

ಗುರುಶಾಂತಪ್ಪನವರು ಅಂಗಡಿಗೆ ಹೊರಟರು. ದಾನವೆಂಬುದು ದಂಪತಿಗಳ ಕೂಡಿದ ಕೈಯಿಂದ ಇಳಿಯತಕ್ಕದ್ದೆಂದು ಅಂಗಡಿಯಲ್ಲಿ ಕುಳಿತು ಎಷ್ಟೋ ಜನಕ್ಕೆ ತಾವೇ ಹೇಳಿದ್ದುಂಟು. ಆ ದಿನ ವ್ಯಾಪಾರದ ನಡುವೆ ಎರಡು ಬಾರಿ ತೂಕ ತಪ್ಪಿದರು. ಸಂಜೆ ಇಬ್ಬರೂ ಕೂಡಿ ಎಲೆಯಡಿಕೆಯನ್ನು ಹಿಡಿದು ಸೋಮನಾಥನ ಕಚೇರಿಗೆ ನಡೆದರು.

“ಏನ್ ಸಾರ್, ಬಾಡಿಗೆ ಏನಾದ್ರೂ ಬೇಕಿತ್ತಾ? ಹೇಳ್ಬೇಕು ತಾನೆ!” ಎಂದು ಅವನು ನಕ್ಕನು.

“ವೀಳ್ಯ ವಾಪಸ್ ತಂದಿದೀನಿ.”

“ಇಡೀ ಲೇಔಟ್ ನಿಮ್ ಕಂಬದ ಮೇಲೆ ನಿಂತಿದೆ ಸಾರ್!”

“ನನ್ ಮನೆಯಾಕೆ ಅದರ ಕೆಳಗೆ ನಿಂತಿದಾಳಪ್ಪ.”

ಶಾಂತಾದೇವಿಯವರ ಕೈ ಸೋಕಿದ ಕೈಯಿಂದಲೇ ಅವರು ಎಲೆಯನ್ನು ಮೇಜಿನ ಮೇಲಿಟ್ಟರು. ಸೋಮನಾಥ್ ಅದನ್ನು ಮುಟ್ಟದೆ ಕಿಟಕಿಯತ್ತ ಕಣ್ಣು ಹಾಯಿಸಿದನು. ಕಿಟಕಿಯ ಆಚೆ ದಕ್ಷಿಣದ ಬಾನು ಕಪ್ಪಾಗುತ್ತಿತ್ತು.

“ಆಯ್ತು. ನಾಡಿದ್ದು ಬಿಚ್ಚಿಸ್ತೀನಿ. ಅಲ್ಲೀತಂಕ...” ಅವನ ದನಿ ತಗ್ಗಿತು. “ಅಲ್ಲೀತಂಕ ಯಾರೂ ಮೇಲೆ ಹೋಗ್ಬೇಡಿ ಮೇಡಂ.”

ಏನೂ ಆಗದೆಂದು ಇಷ್ಟು ದಿನ ಹೇಳಿದವನು ನುಡಿದ ಈ ಒಂದು ಮಾತಿನಿಂದ, ಅವನಿಗೂ ಮೊದಲಿನಿಂದಲೇ ಎಲ್ಲ ತಿಳಿದಿತ್ತೆಂಬುದು ದಂಪತಿಗಳಿಗೆ ಮನದಟ್ಟಾಯಿತು.

ಸುದ್ದಿ ಅವರಿಗಿಂತ ಮೊದಲೇ ಮನೆಯನ್ನು ಮುಟ್ಟಿತ್ತು. ಅವರು ಒಳಹೊಕ್ಕು, ಗೇಟನ್ನು ಬಟ್ಟೆ ಸುತ್ತಿದ ಕೋಲಿನಿಂದ ನೂಕಿ ಮುಚ್ಚುತ್ತಿರುವಾಗಲೇ ತಿಮ್ಮರಾಯಪ್ಪನವರು ಬಂದರು. “ನೆಟ್ ಕಿತ್ತಾಕಿಸ್ತೀರಂತೆ? ನಮ್ ಬಾಡಿಗೆ ಹುಡುಗ್ರು ಈಗ್ಲೇ ಗಂಟು ಕಟ್ತಾವ್ರೆ! ಊರ ಬಾವಿ ಮುಚ್ಚಿದಂಗಾತು ಬಿಡಿ ನೀವ್ ಮಾಡಿದ್ದು” ಎನ್ನುತ್ತ ಗೇಟಿನತ್ತ ಕೈ ನೀಡಿದರು.

“ಮುಟ್ಬೇಡಿ ಯಜಮಾನ್ರೇ!” ಶಾಂತಾದೇವಿಯವರು ಚೀರಿದರು.

ತಿಮ್ಮರಾಯಪ್ಪನವರ ಕೈ ಗಾಳಿಯಲ್ಲಿಯೇ ನಿಂತಿತು. ನಗಲೆಂದು ತೆರೆದ ಬಾಯಿ ನಗಲಿಲ್ಲ. ಮೇಲೆ, ತಂತಿಗಳ ಗಂಟಿನೊಳಗಿಂದ, ಜೇನುಗೂಡಿನಂತಹ ಗುಂಯ್‌ಗುಟ್ಟುವಿಕೆ ಕೇಳತೊಡಗಿತ್ತು. ಅವರು ಹಿಂದಡಿಯಿಟ್ಟು, ತಲೆ ತಗ್ಗಿಸಿ ನಡೆದುಹೋದರು.

ಮರುದಿನ ಬೆಳಗಾಗುವಾಗ ಗಾಳಿ ಬಲಿತಿತ್ತು. ಮಿಂದು ಬಂದ ಗುರುಶಾಂತಪ್ಪನವರು ಪತ್ರೆ ತರಲೆಂದು ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು. ಬಿಲ್ವದ ಎಲೆಗಳು ಮೇಲೆ ತಲೆದೂಗುತ್ತಿದ್ದುದು ಕಾಣುತ್ತಿತ್ತು. ಪತ್ರೆಯಿಲ್ಲದ ಪೂಜೆ ಅವರ ಬಾಳಿನಲ್ಲಿ ಆಗಿರಲಿಲ್ಲ.

ಹಿಂದಿನಿಂದ ಶಾಂತಾದೇವಿಯವರು ಅಕ್ಷತೆಯ ಬಟ್ಟಲನ್ನು ಅವರ ಕೈಯಲ್ಲಿಟ್ಟರು. “ಇವತ್ತು ಇದನ್ನೇ ಏರ್ಸಿ. ಶಿವ ಬೇಡ ಅನ್ನಲ್ಲ. ನಾನು ಬೇಡ ಅಂತಿದೀನಿ.”

ಅವರು ಕಾಲನ್ನು ಕೆಳಗಿಳಿಸಿದರು. ಊಟದ ಮರದ ಬೆಂಚನ್ನು ತಂದು ಮೆಟ್ಟಿಲುಗಳಿಗೆ ಅಡ್ಡಲಾಗಿ ಇಟ್ಟರು. ಮೂವರೂ ಒಳಗೆ ಕುಳಿತರು. ಹಸು ಬೀದಿಯ ಆಚೆಗೆ ನಿಂತಿತ್ತು. ಮೋಡ ಇಳಿದು ಕಂಬದ ತುದಿಯನ್ನು ಮುಟ್ಟುವಂತಿತ್ತು.

ಗಾಳಿಯು ತಂತಿಯನ್ನು ತಗ್ಗಿಸುವ ಮೊದಲೇ ಮನುಷ್ಯರ ಕೈ ಅದನ್ನು ಬಿಚ್ಚುವಂತಾಗಲಿ. ಕೂಡಿದ ಆ ಎರಡು ಕೈಗಳು ಅಗಲದಿರಲಿ. ಬಿಲ್ವವು ನೆಲಕ್ಕಿಳಿದು ಚಿಗುರಲಿ, ಮಗಳ ಓದು ಎಲ್ಲಿ ಕುಳಿತರೂ ಫಲಿಸಲಿ. ಒಲ್ಲೆನೆಂದ ಹಸು ಮರಳಿ ಗೇಟಿಗೆ ಮೂತಿಯಿಟ್ಟು ಮೊದಲ ರೊಟ್ಟಿಯನ್ನು ಉಣ್ಣಲಿ. ಗುರುಶಾಂತಪ್ಪನವರನ್ನೂ ಅವರ ಮನೆಮಂದಿಯನ್ನೂ ಪರಶಿವನು ತನ್ನ ಅಂಗೈಯಲ್ಲಿಟ್ಟು ಕಾಯಲಿ.