ಮುಗ್ಗು ಹಿಟ್ಟಿನ ಹೊಳಪು

ಹೋದ ವಾರ ಮೊಮ್ಮಗಳು ಸಿಂಧು ನಮ್ಮ ವಿಜಯವಾಡದ ಮನೆಗೆ ರಜೆಗೆಂದು ಬಂದವಳು ಅಡುಗೆಮನೆಯಲ್ಲಿ ತಾನು ತಂದ ಒಂದು ಡಬ್ಬಿಯ ಮುಚ್ಚಳ ತಿರುಗಿಸಿದಳು. ಬುಸ್ಸೆಂದು ಗಾಳಿ ಹೊರಟು ಮನೆ ತುಂಬ ಹುಳಿ ನಾತ. ಒಳಗೆ ಮೂರು ತಿಂಗಳಿಂದ ಕೊಳೆಯುತ್ತಿದ್ದ ನಿಂಬೆ ಸಿಪ್ಪೆ, ಬೆಲ್ಲ, ನೀರು. ಇದರಲ್ಲಿ ಪಾತ್ರೆ ತೊಳೆಯಬೇಕಂತೆ, ನೆಲ ಒರೆಸಬೇಕಂತೆ, ಅಂಗಡಿಯ ಬಾಟಲಿಗಳನ್ನೆಲ್ಲ ಹೊರಗೆ ಹಾಕಬೇಕಂತೆ.

"ಅಜ್ಜೀ, ನಿಮ್ಮ ಕಾಲದಾಗ ಎಲ್ಲಾ ನ್ಯಾಚುರಲ್ ಕದಾ?" ಅಂದಳು. ಅವಳ ಕನ್ನಡಕ್ಕೆ ಯಾವಾಗಲೂ ಒಂದು ತೆಲುಗು ಬಾಲ ಇರುತ್ತದೆ.

"ನಮ್ಮ ಕಾಲದಾಗ ಬೂದಿ ಇತ್ತವಾ. ತಿಕ್ಕಿ ತಿಕ್ಕಿ ಬೆರಳಿನ ಸಂದಿ ಒಡದು ರಕ್ತ ಬರತಿತ್ತು. ರಕ್ತಾನೂ ನ್ಯಾಚುರಲ್ಲೇ," ಅಂದೆ.

ಹಳೆಯದನ್ನೆಲ್ಲ ಹೊಗಳುವವರನ್ನು ಕಂಡರೆ ನನಗಾಗದು. ಅಂಗಡಿಯಲ್ಲಿ ಪಾತ್ರೆ ತಿಕ್ಕುವ ಸೋಪಿನ ಬಿಲ್ಲೆ ಬಂದ ದಿನ ನಾನು ಬೂದಿ ಡಬ್ಬಿಯನ್ನು ತಿಪ್ಪೆಗೆ ಸುರಿದವಳು. ಹಾಗಂತ ಅಂಗಡಿಯ ಮಾಲನ್ನೂ ಕಣ್ಣು ಮುಚ್ಚಿ ನಂಬುವುದಿಲ್ಲ. ನಂಬಿ ಒಮ್ಮೆ ಕೆಟ್ಟಿದ್ದೇನೆ. ಸಿಂಧುವಿನ ಡಬ್ಬಿಯ ನಾತ ಮೂಗಿಗೆ ಬಡಿದದ್ದೇ ತಡ, ಅದು ನೆನಪಾಯಿತು. ನಲವತ್ತೈದು ವರ್ಷದ ಹಿಂದಿನ ವಿಶಾಖಪಟ್ಟಣ, ಅಪ್ಪಾಯಮ್ಮನ ಮನೆಯ ಹಿಂದಿನ ಖೋಲಿ.

ನನ್ನ ಗಂಡ ನೌಕಾದಳದಲ್ಲಿದ್ದರು. ಸರಕಾರಿ ಮನೆ ಸಿಗುವವರೆಗೆ ಅಪ್ಪಾಯಮ್ಮನ ಹತ್ತಿರ ಒಂದು ಖೋಲಿ ಬಾಡಿಗೆಗೆ ಹಿಡಿದರು. ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿ ತೆಲುಗಿನಲ್ಲಿ ಏನೋ ಅಂದಳು. "ಸ್ವಚ್ಛ ಇದ್ರ ಇರ್ರಿ, ಇಲ್ಲಂದ್ರ ಅವತ್ತೇ ಖಾಲಿ ಮಾಡ್ರಿ ಅಂತಾಳ," ಎಂದು ಗಂಡ ತಿಳಿಸಿದರು. ಆಮೇಲೆ ಹಡಗು ಹತ್ತಿ ಹೋದರು, ನಾಲ್ಕು ತಿಂಗಳು. ಹಾವೇರಿ ಕಡೆಯ ಹಳ್ಳಿಯಿಂದ ಬಂದ ನಾನು, ಕಂಕುಳಲ್ಲಿ ಐದು ತಿಂಗಳ ಕೂಸು. ತೆಲುಗು ಒಂದಕ್ಷರ ಬಾರದು. ಆ ಖೋಲಿ ಹೋದರೆ ನನಗೆ ಸಮುದ್ರವೇ ಗತಿ.

ಬೈದರೂ ಅಪ್ಪಾಯಮ್ಮ ಕೆಟ್ಟವಳಲ್ಲ. ನೀರು ಹಿಡಿಯಲು ನನ್ನ ಹತ್ತಿರ ಕೊಡವಿಲ್ಲ ಎಂದು ಕಂಡು ತನ್ನ ತಾಯಿಯ ಹಿತ್ತಾಳೆ ಬಿಂದಿಗೆಯನ್ನು ತಂದಿಟ್ಟಳು. ಮಾತು ಬಾರದ್ದಕ್ಕೆ ಇಬ್ಬರೂ ಕೈಯಲ್ಲೇ ಮಾತಾಡುತ್ತಿದ್ದೆವು. ಒಂದು ದಿನ ಖಾಲಿ ಬಟ್ಟಲು ಹಿಡಿದು ಬಂದು "ಚಿಂತಪಂಡು ಉಂದಾ?" ಅಂದಳು. ನನಗೆ ತಿಳಿದದ್ದು ಚಿಂತೆ ಇದೆಯಾ ಎಂದು. ಗಂಡ ನಡುನೀರಿನಲ್ಲಿ, ಚಿಂತೆ ಇರದೆ ಇರುತ್ತದೆಯೇ? ತಲೆ ಆಡಿಸಿ ಕಣ್ಣೊರೆಸಿಕೊಂಡೆ. ಅವಳು ಬಟ್ಟಲು ಹಿಡಿದು ನಿಂತೇ ಇದ್ದಳು. ಕೊನೆಗೆ ತಾನೇ ಒಳಗೆ ಬಂದು ಡಬ್ಬಿಯಿಂದ ಹುಣಸೆಹಣ್ಣು ತೆಗೆದುಕೊಂಡು ಹೋದಳು.

ಸಂಕ್ರಾಂತಿ ಬಂತು. ಬಿಂದಿಗೆ ಉಪ್ಪುಗಾಳಿಗೆ ಕಪ್ಪಾಗಿತ್ತು. ಥಳಥಳ ಮಾಡಿ ತಿರುಗಿಸಿ ಕೊಟ್ಟರೆ ಖೋಲಿ ಗಟ್ಟಿ ಎಂದು ನನ್ನ ಲೆಕ್ಕ. ಆಗ ಓಣಿಯಲ್ಲಿ ಒಬ್ಬ ಸೈಕಲ್ಲಿನ ಮೇಲೆ ಫಿನಾಯಿಲು, ಆಸಿಡ್ ಮಾರುತ್ತ ಬರುತ್ತಿದ್ದ. ಎಂಥ ಕಲೆಯೂ ಹೋಗುತ್ತದೆ ಎಂದು ಕೈ ತಿರುಗಿಸಿ ತೋರಿಸಿದ. ಒಂದು ಬಾಟಲಿ ಕೊಂಡೆ. ಬಿಂದಿಗೆಯನ್ನು ಬೋರಲು ಹಾಕಿ ತಳಕ್ಕೆ ಸುರಿದೆ. ಚುರ್ರೆಂದು ಹೊಗೆ ಎದ್ದು ಕಣ್ಣು ಉರಿಯಿತು. ನೀರು ಹಾಕಿ ನೋಡಿದರೆ ಕಪ್ಪು ಹೋಗಿತ್ತು, ಹಳದಿಯೂ ಹೋಗಿತ್ತು. ಚರ್ಮ ಸುಲಿದ ಮೊಣಕಾಲಿನ ಹಾಗೆ ಕೆಂಪು.

ಬಿಂದಿಗೆಯನ್ನು ಸೀರೆಯಲ್ಲಿ ಸುತ್ತಿ ಬಚ್ಚಿಟ್ಟು, ನನ್ನ ಹಿತ್ತಾಳೆ ದೀಪ ಹಿಡಿದು ಅಪ್ಪಾಯಮ್ಮನ ಬಳಿ ಹೋದೆ. ಇದನ್ನು ಯಾವುದರಿಂದ ತಿಕ್ಕಲಿ ಎಂದು ಕೈಯಲ್ಲೇ ಕೇಳಿದೆ. "ಚಿಂತಪಂಡು, ಮುಗ್ಗು ಪಿಂಡಿ," ಅಂದಳು. ಚಿಂತಪಂಡು ಈಗ ಗೊತ್ತಿತ್ತು. ಪಿಂಡಿ ಎಂದರೆ ಹಿಟ್ಟು, ಅದೂ ಗೊತ್ತಿತ್ತು. ಮುಗ್ಗು ಯಾರಿಗೆ ಗೊತ್ತಿಲ್ಲ? ಮಳೆಗಾಲದಲ್ಲಿ ನಮ್ಮೂರ ಹಿಟ್ಟೆಲ್ಲ ಮುಗ್ಗು ವಾಸನೆಯೇ. ಕೆಟ್ಟ ಹಿಟ್ಟನ್ನು ಚೆಲ್ಲದೆ ಪಾತ್ರೆಗೆ ಹಚ್ಚುತ್ತಾರೆ, ಶಾಣ್ಯಾ ಮಂದಿ ಅಂದುಕೊಂಡೆ.

ಊರಿಂದ ತಂದ ಜೋಳದ ಹಿಟ್ಟು ಮುಗ್ಗಾಗಿ ಕೂತಿತ್ತು. ಹುಣಸೆ ರಸದಲ್ಲಿ ಕಲಸಿಟ್ಟೆ. ಅಷ್ಟರಲ್ಲಿ ಕೂಸಿಗೆ ಜ್ವರ. ಎರಡು ದಿನ ಅಪ್ಪಾಯಮ್ಮ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ನನ್ನ ಪಕ್ಕದಲ್ಲೇ ಕೂತಳು, ನನ್ನ ತಾಯಿ ಕೂತ ಹಾಗೆ. ಜ್ವರ ಇಳಿದ ಮೇಲೆ ನೋಡಿದರೆ ಹಿಟ್ಟು ಉಬ್ಬಿ ನೊರೆ ಬಂದು ನಾರುತ್ತಿತ್ತು. ಅದನ್ನೇ ತಿಕ್ಕಿದೆ. ಏನು ಹೇಳಲಿ, ಬಂಗಾರದಂಥ ಬಿಂದಿಗೆ! ತಳದಲ್ಲಿ ಅಂಗೈ ಅಗಲದ ಒಂದು ಕೆಂಪು ಕಲೆ ಮಾತ್ರ ಹೋಗಲಿಲ್ಲ. ಅದನ್ನು ಕೆಳಗೆ ಮಾಡಿ, ನೀರು ತುಂಬಿ, ಹಬ್ಬದ ಮುಂಜಾನೆ ಒಪ್ಪಿಸಿದೆ.

ಒಂದು ಗೀರೂ ಇಲ್ಲವಲ್ಲ ಎಂದು ಅಪ್ಪಾಯಮ್ಮನಿಗೆ ಆಶ್ಚರ್ಯ. ಅಂಗಳದಲ್ಲಿ ಅವಳು ಹಾಕುತ್ತಿದ್ದ ರಂಗೋಲಿ ಪುಡಿಯನ್ನು ತೋರಿಸಿ, ಈ ಮುಗ್ಗು ಪಿಂಡಿ ಹೀಗೆ ಹೊಳಪು ಕೊಡುವುದಿಲ್ಲ ಅಂದಳು. ಆಗ ತಿಳಿಯಿತು, ಅವರ ಮುಗ್ಗು ಎಂದರೆ ರಂಗೋಲಿ. ನಗು ಬಂದರೂ ತಡೆದು, ಕಲಿತಿದ್ದ ನಾಲ್ಕು ಮಾತು ಜೋಡಿಸಿ "ಮಾ ಊರಿ ಪಿಂಡಿ" ಅಂದೆ, ನಮ್ಮೂರ ಹಿಟ್ಟು ಎಂದು. ಅವತ್ತಿನಿಂದ ಓಣಿಯ ಹೆಂಗಸರೆಲ್ಲ ಹಿಟ್ಟು ಹುಳಿಗಟ್ಟಿಸಿ ಅದಕ್ಕೆ ಕನ್ನಡ ಪಿಂಡಿ ಎಂದು ಹೆಸರಿಟ್ಟರು. ಸರಕಾರಿ ಮನೆ ಸಿಕ್ಕರೂ ನಾನು ಆ ಖೋಲಿ ಬಿಡಲಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಾನು ಒಳ್ಳೆಯವಳಾಗಿ ಉಳಿಯುತ್ತಿದ್ದೆ. ನಿಲ್ಲಿಸಲಿಕ್ಕೆ ಆಗುವುದಿಲ್ಲ.

ಮುಂದೆ ಗಂಡನಿಗೆ ವಿಜಯವಾಡದಲ್ಲಿ ಬ್ಯಾಂಕಿನ ಗಾರ್ಡ್ ಕೆಲಸ ಸಿಕ್ಕಿ ಇಲ್ಲಿಗೆ ಬಂದೆವು. ಅಪ್ಪಾಯಮ್ಮನ ಮಗನ ಮದುವೆಗೆ ಹೋದೆ. ಹೊಸ ಸೊಸೆ ಲಕ್ಷ್ಮಿ, ಆ ಸಂಕ್ರಾಂತಿ ಮುಗಿದ ಮೇಲೆ ಅಟ್ಟ ಸೇರಿದ್ದ ಅದೇ ಬಿಂದಿಗೆಯನ್ನು ಪೂಜೆಗೆಂದು ಇಳಿಸಿ ತೊಳೆದು ಬೋರಲು ಹಾಕಿದಳು. ಅಪ್ಪಾಯಮ್ಮ ಕಲೆ ನೋಡಿ ಕೂಗಿದಳು. ನಮ್ಮಮ್ಮನ ಬಿಂದಿಗೆಗೆ ಏನು ಹಾಕಿ ಸುಟ್ಟೆ ಅಂದಳು. ಬರೀ ನೀರು ಎಂದಳು ಲಕ್ಷ್ಮಿ. ಯಾರು ನಂಬುತ್ತಾರೆ? ನಾನು ಅಲ್ಲೇ ಕೂತಿದ್ದೆ, ಬಾಯಲ್ಲಿ ಲಡ್ಡು ಇತ್ತು. ಲಡ್ಡಿನ ಜೊತೆ ಮಾತನ್ನೂ ನುಂಗಿದೆ. ನಾಲ್ಕು ದಿನ ಬೈದು ಮರೆಯುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ.

ಈಗ ಸಿಂಧುವಿನ ಆಫೀಸು ವಿಶಾಖಪಟ್ಟಣದ ಋಷಿಕೊಂಡದಲ್ಲಿ. ಭಾನುವಾರದ ಊಟ ಅಪ್ಪಾಯಮ್ಮನ ಮನೆಯಲ್ಲಿ, ಅವಳನ್ನು ಅಮ್ಮಮ್ಮ ಎಂದೇ ಕರೆಯುತ್ತಾಳೆ. ಡಬ್ಬಿ ಕಲಕುತ್ತ ಹುಡುಗಿ ಅಂದಳು, "ಅಜ್ಜೀ, ಇದನ್ನ ಲಕ್ಷ್ಮಿ ಅತ್ತಗ ಕೊಡ್ತೀನಿ. ಪಾಪಂ, ಅಮ್ಮಮ್ಮ ಆಕೀಗೆ ಹಿತ್ತಾಳಿ ಸಾಮಾನೇ ಮುಟ್ಟಗೊಡಂಗಿಲ್ಲ. ಬಿಂದಿಗಿ ಸುಟ್ಟಾಕಿ ಅಂತಾನೇ ಕರೀತಾಳ, ಇವತ್ತಿಗೂ."

ಲಕ್ಷ್ಮಿ ಆ ಮನೆಗೆ ಬಂದು ಇಪ್ಪತ್ತು ವರ್ಷದ ಮೇಲಾಯಿತು.

"ಫೋನ್ ಹಚ್ಚು," ಅಂದೆ.

ಆಸಿಡ್, ಸೀರೆಯ ಗಂಟು, ಮುಗ್ಗು ಹಿಟ್ಟು, ಲಡ್ಡು, ಎಲ್ಲ ಅಪ್ಪಾಯಮ್ಮನಿಗೆ ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಆಮೇಲೆ ಅಪ್ಪಾಯಮ್ಮ ಮೆಲ್ಲಗೆ ಕೇಳಿದಳು, "ಮೀರಾ ಚೇಸಿಂದಿ?" ಮಾಡಿದ್ದು ನೀವಾ ಎಂದು. ಫೋನ್ ಇಟ್ಟಳು.

ಮೀರು ಎಂದರೆ ತೆಲುಗಿನಲ್ಲಿ ನೀವು, ಮರ್ಯಾದೆಯ ಮಾತು. ಇಷ್ಟು ವರ್ಷ ಅವಳು ನನ್ನನ್ನು ನುವ್ವು ಎಂದೇ ಕರೆದವಳು, ನೀನು ಎಂದು. ಬೈದರೂ ನುವ್ವು, ಉಣಿಸಿದರೂ ನುವ್ವು. ಅಂಗಡಿಯವನಿಗೆ ಕೊಡುವ ಮರ್ಯಾದೆಯನ್ನು ನನಗೆ ಕೊಟ್ಟುಬಿಟ್ಟಳು. ಗಂಡ ಸತ್ತ ಮೇಲೆ ನನ್ನನ್ನು ಏಕವಚನದಲ್ಲಿ ಕರೆಯುವವರು ಅವಳೊಬ್ಬಳೇ ಉಳಿದಿದ್ದಳು.

ಮೂರು ದಿನ ಫೋನ್ ಬರಲಿಲ್ಲ. "ನಾ ಹೇಳಬಾರದಿತ್ತೇನೋ ಅಜ್ಜೀ," ಅಂದಳು ಸಿಂಧು. "ನೀ ಹೇಳಿದ್ದು ಬರೋಬರಿ ಐತಿ. ನಾ ಹೇಳಿದ್ದೂ ಬರೋಬರಿ ಐತಿ. ಸುಮ್ನ ಪಾತ್ರಿ ತಿಕ್ಕು," ಅಂದೆ.

ಇವತ್ತು ಬೆಳಿಗ್ಗೆ ಫೋನ್ ಬಂತು. ಹೇಗಿದ್ದೀಯಾ, ಊಟವಾಯಿತಾ, ಯಾವುದೂ ಇಲ್ಲ. ಅಪ್ಪಾಯಮ್ಮ ಬೈಗುಳದಿಂದಲೇ ಶುರು ಮಾಡಿದಳು. ನಿಮ್ಮಿಂದ ನನ್ನ ಮಾನ ಹೋಯಿತು ಅಂದಳು. ಲಕ್ಷ್ಮಿಯ ಮುಂದೆ ಹೋಗಿ ತಪ್ಪಾಯಿತು ಎನ್ನಬೇಕಾಯಿತಂತೆ. ಆ ಬಿಂದಿಗೆ ಇನ್ನು ನಿನ್ನದೇ ಎಂದು ಕೊಟ್ಟಳಂತೆ. ಸೊಸೆ ಅದನ್ನು ಹಾಲ್‌ನಲ್ಲಿ ಬೋರಲು ಇಟ್ಟು, ಬಂದವರಿಗೆಲ್ಲ ಕಲೆ ತೋರಿಸಿ ಕಥೆ ಹೇಳುತ್ತಿದ್ದಾಳಂತೆ. ಹಿಂದೆ ಲಕ್ಷ್ಮಿ ನಗುವುದು ನನಗೂ ಕೇಳಿಸಿತು. ಬೈದು ಬೈದು ಅಪ್ಪಾಯಮ್ಮನಿಗೆ ಉಸಿರು ಕಟ್ಟಿತು. ನೀರು ಕುಡಿದ ಸದ್ದಾಯಿತು.

"ಎಪ್ಪುಡೊಸ್ತಾವೇ?" ಅಂದಳು. ಯಾವಾಗ ಬರ್ತೀಯೇ ಎಂದು.

ಮೀರು ಹೋಗಿತ್ತು. ನಾಳೆ ಬೆಳಗಿನ ರೈಲಿಗೆ ಅಂದೆ.